ಸಿಸೇರಿಯನ್ ಮಗುವಿನ ಮೈ ತಣ್ಣಗಿರುವುದೇಕೆ?

ಪ್ರಶ್ನೆ: ನಾವು ಸಕಲೇಶಪುರದ ಹತ್ತಿರದವರು. ನನಗೆ ಎಂಟು ತಿಂಗಳು ತುಂಬುತ್ತಿದೆ, ಡಿಸೆಂಬರ್ ಕೊನೆಗೆ ಡೇಟ್ ಕೊಟ್ಟಿದ್ದಾರೆ. ಮೊದಲ ಹೆರಿಗೆ ನಾರ್ಮಲ್ ಆಗಿತ್ತು. ಈ ಸಲ ಮಗು ತಲೆ ಮೇಲೆ ಮಾಡಿ ಕೂತಿದೆ, ತಿರುಗದಿದ್ದರೆ ಸಿಸೇರಿಯನ್ ಎಂದಿದ್ದಾರೆ. ಕಳೆದ ವರ್ಷ ನನ್ನ ನಾದಿನಿಗೆ ಸಿಸೇರಿಯನ್ ಆದಾಗ ಮಗುವಿನ ಮೈ ತಣ್ಣಗಿದೆ ಎಂದು ವಾರ್ಮರ್‌ನಲ್ಲಿ ಇಟ್ಟಿದ್ದರು. ಬೆಳಿಗ್ಗೆ ಹುಟ್ಟಿದ ಮಗುವಿನ ಮುಖ ಅವಳು ನೋಡಿದ್ದೇ ಸಂಜೆ. ‘ಕುಯ್ದು ತೆಗೆದ ಮಗುವಿನದು ಯಾವಾಗಲೂ ಶೀತದ ಮೈ’ ಎಂದು ಅತ್ತೆ ಹೇಳುತ್ತಾರೆ. ಇದು ನಿಜವೇ? ನಾವು ಮೊದಲೇ ಏನಾದರೂ ಮಾಡಿಕೊಳ್ಳಬಹುದೇ? ಇನ್ನೊಂದು ಮಾತು: 37ನೇ ವಾರದಲ್ಲಿ ಒಳ್ಳೆಯ ನಕ್ಷತ್ರವಿದೆಯಂತೆ. ಅಂದೇ ಆಪರೇಷನ್ ಮಾಡಿಸಿಕೊಂಡರೆ ತೊಂದರೆಯೇ?

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಸಿಸೇರಿಯನ್ ಆದ ಮಕ್ಕಳು ಹುಟ್ಟಿದ ಮೊದಲ ಒಂದೆರಡು ಗಂಟೆ ಸಹಜ ಹೆರಿಗೆಯ ಮಕ್ಕಳಿಗಿಂತ ತುಸು ತಣ್ಣಗಿರುತ್ತಾರೆ. ಸ್ವೀಡನ್ನಿನ ಸಂಶೋಧಕಿ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು 1993ರಲ್ಲೇ ಇದನ್ನು ಅಳೆದು ಬರೆದರು, ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಅಳೆದವರಿಗೂ ಹೆಚ್ಚುಕಡಿಮೆ ಇದೇ ಕಂಡಿತು. ಆದರೆ ಆ ವ್ಯತ್ಯಾಸ ಸಾಮಾನ್ಯವಾಗಿ ಒಂದು ಡಿಗ್ರಿಯೂ ಇರುವುದಿಲ್ಲ, ಡಿಗ್ರಿಯ ಕೆಲವು ದಶಾಂಶಗಳಷ್ಟು. ‘ಯಾವಾಗಲೂ’ ಎನ್ನುವ ಇನ್ನರ್ಧವನ್ನು ಬಿಟ್ಟುಬಿಡಿ. ಮೈಯ ಬಿಸಿಗೂ ಹೆರಿಗೆಯಾದ ರೀತಿಗೂ ಇರುವ ನಂಟು ಆ ಮೊದಲ ಗಂಟೆಗಳದ್ದು. ಮಗುವಿಗೆ ಮುಂದೆ ನೆಗಡಿಯಾದಾಗಲೆಲ್ಲ ಸಿಸೇರಿಯನ್ ಮೇಲೆ ಹೊರೆ ಹೊರಿಸುವುದಕ್ಕೆ ಆಧಾರವಿಲ್ಲ. ನೆಗಡಿ ಬರುವುದು ವೈರಸ್‌ನಿಂದ, ಅದನ್ನು ಮನೆಗೆ ತರುವವರು ಸಾಮಾನ್ಯವಾಗಿ ಮಗು ನೋಡಲು ಬಂದ ನೆಂಟರು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವನ್ನು ತಣ್ಣಗೆ ಮಾಡುವುದು ಹೊಟ್ಟೆಯ ಮೇಲಿನ ಗಾಯವಲ್ಲ. ಆಪರೇಷನ್ ಕೋಣೆಯ (ಒ.ಟಿ.) ಎ.ಸಿ., ಮಗುವಿನ ಒದ್ದೆ ಮೈ, ತಾಯಿಯ ಎದೆ ಸಿಗದೇ ಕಳೆದ ನಿಮಿಷಗಳು, ಇವು ಮುಖ್ಯ. ಇವನ್ನು ಬಹುಮಟ್ಟಿಗೆ ಸರಿಮಾಡಿಕೊಳ್ಳಬಹುದು. ಹೇಗೆ ಎಂಬುದು ತಿಳಿಯಬೇಕಾದರೆ ಒಳಗೆ ನಡೆಯುವುದೇನು ಎಂದು ಸ್ವಲ್ಪ ಹೇಳಬೇಕು.

ಗರ್ಭದಲ್ಲಿರುವ ಮಗು ತಾಯಿಗಿಂತ ಸುಮಾರು ಅರ್ಧ ಡಿಗ್ರಿ ಹೆಚ್ಚೇ ಬೆಚ್ಚಗಿರುತ್ತದೆ. ಅಲ್ಲಿ ಅದರ ತೊಂದರೆ ಚಳಿಯದಲ್ಲ. ಮೈಯಲ್ಲಿ ಹುಟ್ಟಿದ ಶಾಖವನ್ನು ಮಾಸಿನ ಮೂಲಕ ತಾಯಿಯ ರಕ್ತಕ್ಕೆ ದಾಟಿಸಿ ಕಳೆದುಕೊಳ್ಳಬೇಕು. ಹೊರಗೆ ಬಂದ ಕ್ಷಣ ಎಲ್ಲವೂ ತಲೆಕೆಳಗಾಗುತ್ತದೆ. 37 ಡಿಗ್ರಿಯ ನೀರಿನಿಂದ ಎದ್ದು 21 ಡಿಗ್ರಿಯ ಗಾಳಿಗೆ, ಅದೂ ನೆನೆದ ಮೈಯಲ್ಲಿ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೇಗೋ ಹಾಗೆಯೇ ಮೈಮೇಲಿನ ನೀರು ಆವಿಯಾಗುತ್ತ ಮಗುವಿನ ಶಾಖವನ್ನು ಹೀರುತ್ತದೆ. ಎಷ್ಟು ಹೀರುತ್ತದೆ ಗೊತ್ತೇ? ಒಂದು ಮಿಲಿಲೀಟರ್ ನೀರು ಆವಿಯಾಗಲು ಸುಮಾರು 0.58 ಕಿಲೋಕ್ಯಾಲರಿ ಬೇಕು. ಮೂರು ಕಿಲೋ ತೂಕದ ಮಗುವಿನ ಮೈ ಒಂದು ಡಿಗ್ರಿ ಇಳಿಯಲು ಸುಮಾರು ಎರಡೂವರೆ ಕಿಲೋಕ್ಯಾಲರಿ ಹೋದರೆ ಸಾಕು. ಲೆಕ್ಕ ಹಾಕಿ ನೋಡಿ: ಬರೀ ಒಂದು ಟೀ ಚಮಚದಷ್ಟು ನೀರು ಮೈಮೇಲೆಯೇ ಆರಲು ಬಿಟ್ಟರೆ, ಮಗು ಅದನ್ನು ತುಂಬಿಕೊಳ್ಳದೇ ಹೋದರೆ, ಒಂದು ಡಿಗ್ರಿ ಹೋಯಿತು. ಒರೆಸುವುದಕ್ಕೆ ನಾವು ಇಷ್ಟು ಹಟ ಹಿಡಿಯುವುದು ಇದಕ್ಕೇ. ಒರೆಸದೇ ಬಿಟ್ಟ ಮಗುವಿನ ಒಳಮೈಯ ಉಷ್ಣತೆ ನಿಮಿಷಕ್ಕೆ ಸುಮಾರು 0.1 ಡಿಗ್ರಿ, ಚರ್ಮದ್ದು 0.3 ಡಿಗ್ರಿಯ ವೇಗದಲ್ಲಿ ಇಳಿಯಬಲ್ಲದು. ತೂಕಕ್ಕೆ ಹೋಲಿಸಿದರೆ ಮಗುವಿನ ಮೈಯ ಹರವು ದೊಡ್ಡವರಿಗಿಂತ ಎರಡೂವರೆ, ಮೂರು ಪಟ್ಟು ಹೆಚ್ಚು. ಅದರಲ್ಲಿ ತಲೆಯದೇ ಸುಮಾರು ಐದನೇ ಒಂದು ಪಾಲು. ಕುಲಾವಿ ಹಾಕುವ ನಮ್ಮ ಅಜ್ಜಿಯಂದಿರಿಗೆ ಈ ಲೆಕ್ಕ ಬೇಕಿರಲಿಲ್ಲ.

ಎಷ್ಟಿದ್ದರೆ ಸರಿ? ಕಂಕುಳಲ್ಲಿ ಅಳೆದಾಗ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಮನೆಯಲ್ಲಿ ಬಳಸುವ ಫ್ಯಾರನ್‌ಹೀಟ್ ಲೆಕ್ಕದಲ್ಲಿ 97.7ರಿಂದ 99.5. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 36ರಿಂದ 36.4ರವರೆಗೆ ಇದ್ದರೆ ಮಗು ಚಳಿಗೆ ಸಿಕ್ಕಿದೆ ಎಂದರ್ಥ. 32ರಿಂದ 35.9 ಮಧ್ಯಮ, ಅದಕ್ಕೂ ಕೆಳಗೆ ಹೋದರೆ ತೀವ್ರ. ಒ.ಟಿ.ಯಿಂದ ಬರುವ ತಿಂಗಳು ತುಂಬಿದ ಮಕ್ಕಳಲ್ಲಿ ನಾವು ಹೆಚ್ಚಾಗಿ ನೋಡುವುದು ಮೊದಲನೆಯದನ್ನು.

ಮಗು ಸುಮ್ಮನೆ ತಣ್ಣಗಾಗುತ್ತ ಕೂರುವುದಿಲ್ಲ. ದೊಡ್ಡವರ ಹಾಗೆ ನಡುಗಿ ಬಿಸಿ ಮಾಡಿಕೊಳ್ಳಲು ಅದಕ್ಕೆ ಬಾರದು. ಬದಲಿಗೆ ಕತ್ತಿನ ಸುತ್ತ, ಭುಜದ ಎಲುಬುಗಳ ನಡುವೆ, ಮೂತ್ರಪಿಂಡಗಳ ಹತ್ತಿರ ಕಂದು ಕೊಬ್ಬು ಎಂಬ ಬೇರೆಯೇ ಜಾತಿಯ ಕೊಬ್ಬಿದೆ. ಅದನ್ನು ಉರಿಸಿ ನೇರವಾಗಿ ಶಾಖ ಮಾಡಿಕೊಳ್ಳುತ್ತದೆ. ಈ ಒಲೆಗೆ ಕಡ್ಡಿ ಗೀರುವುದು ಅಡ್ರಿನಲಿನ್ ಗುಂಪಿನ ಹಾರ್ಮೋನುಗಳು. ಥೈರಾಯ್ಡ್ ಕೂಡ ಕೈಜೋಡಿಸುತ್ತದೆ. ಗರ್ಭದಲ್ಲಿರುವಾಗ ಮಾಸಿನಿಂದ ಬರುವ ಕೆಲವು ರಾಸಾಯನಿಕಗಳು ಇದನ್ನು ತಡೆದಿರುತ್ತವೆ, ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ತಡೆ ಹೋಗುತ್ತದೆ.

ಹೆರಿಗೆಯಾಗುವ ರೀತಿಯಿಂದಲೇ ಬರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಹೆರಿಗೆ ನೋವಿನಲ್ಲಿ ಗರ್ಭಕೋಶ ಮತ್ತೆ ಮತ್ತೆ ಹಿಂಡಿದಾಗ ಮಗುವಿನ ರಕ್ತದಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಭಾರಿ ಏರುತ್ತವೆ. ಶ್ವಾಸಕೋಶದ ನೀರು ಹೀರಿಕೊಳ್ಳುವುದಕ್ಕೂ, ಸಕ್ಕರೆ ಹಿಡಿದಿಟ್ಟುಕೊಳ್ಳುವುದಕ್ಕೂ, ಶಾಖ ಮಾಡಿಕೊಳ್ಳುವುದಕ್ಕೂ ಈ ಏರಿಕೆ ನೆರವಾಗುತ್ತದೆ. ನೋವು ಶುರುವಾಗುವ ಮೊದಲೇ ದಿನ ಗೊತ್ತುಮಾಡಿ ತೆಗೆದ ಮಗುವಿನಲ್ಲಿ ಇದು ಬಹಳ ಕಡಿಮೆ. ಅಂದರೆ ಎಲ್ಲ ಸಿಸೇರಿಯನ್ನೂ ಒಂದೇ ಅಲ್ಲ. ಹತ್ತು ಗಂಟೆ ನೋವು ತಿಂದು ಕೊನೆಗೆ ಸಿಸೇರಿಯನ್ ಆದವಳ ಮಗು ಈ ವಿಷಯದಲ್ಲಿ ಸಹಜ ಹೆರಿಗೆಯ ಮಗುವಿನ ಹತ್ತಿರ ನಿಲ್ಲುತ್ತದೆ. ಆದರೆ ಅವಸರದ ಆಪರೇಷನ್‌ನಲ್ಲಿ ಮಗು ಉಸಿರಿಗೆ ಕಷ್ಟಪಟ್ಟು ಹುಟ್ಟಿದರೆ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಆಮ್ಲಜನಕ ಸಾಲದ ಮಗು ಶಾಖ ಮಾಡಿಕೊಳ್ಳಲಾರದು, ಉಸಿರು ಕೊಡಿಸುವ ಗಡಿಬಿಡಿಯಲ್ಲಿ ಮೈ ತೆರೆದೇ ಇರುತ್ತದೆ. ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕಿ ತೆಗೆದ ಮಕ್ಕಳಿಗೂ ಇದೇ ಮಾತು. ಉಪಕರಣದಿಂದ ಮೈ ತಣ್ಣಗಾಗುವುದಿಲ್ಲ, ಮಗು ಎಷ್ಟು ದಣಿದಿದೆ ಎನ್ನುವುದರಿಂದ ಆಗುತ್ತದೆ. ಇನ್ನು ನೋವು ತಿಳಿಯದಿರಲೆಂದು ಎಪಿಡ್ಯೂರಲ್ ಹಾಕಿಸಿಕೊಂಡ ಕೆಲವು ತಾಯಂದಿರಿಗೆ ಮೈ ಬಿಸಿಯೇರುತ್ತದೆ, ಅವರ ಮಕ್ಕಳು ಹುಟ್ಟುವಾಗ ಬೆಚ್ಚಗೇ ಇರುತ್ತಾರೆ. ಅದು ಒಳ್ಳೆಯ ಲಕ್ಷಣವೆಂದೇನೂ ಅಲ್ಲ, ಸೋಂಕು ಇದೆಯೇ ಎಂದು ನಾವು ಹುಡುಕಬೇಕಾಗುತ್ತದೆ.

ತಾಯಿಯ ಮೈ ಕೂಡ ಲೆಕ್ಕಕ್ಕೆ ಬರುತ್ತದೆ. ಬೆನ್ನಿಗೆ ಸ್ಪೈನಲ್ ಕೊಟ್ಟಾಗ ಸೊಂಟದ ಕೆಳಗಿನ ರಕ್ತನಾಳಗಳು ಅಗಲವಾಗಿ ಒಳಗಿನ ಶಾಖ ಕಾಲುಗಳ ಕಡೆ ಹರಿಯುತ್ತದೆ. ಕಾಲು ಬೆಚ್ಚಗೆನಿಸುತ್ತದೆ, ಒಳಮೈ ತಣ್ಣಗಾಗುತ್ತದೆ. ಸಿಸೇರಿಯನ್ ಮೇಜಿನ ಮೇಲೆ ಹಲ್ಲು ಕಟಕಟ ಎನ್ನುವಂತೆ ನಡುಗಿದ್ದನ್ನು ಎಷ್ಟೋ ತಾಯಂದಿರು ಹೇಳುತ್ತಾರೆ. ಅದಕ್ಕೆ ಇದೂ ಒಂದು ಕಾರಣ. ಆದರೆ ಮಗು ಹೊರಬರುವುದು ಸಾಮಾನ್ಯವಾಗಿ ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿಗೇ. ಅಷ್ಟರಲ್ಲಿ ತಾಯಿಯ ಉಷ್ಣತೆ ಬಹಳ ಇಳಿದಿರುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಇದರ ಪಾಲು ಕೋಣೆಯ ಪಾಲಿಗಿಂತ ಚಿಕ್ಕದು. ಆದರೂ ತಾಯಿಗೆ ಮೊದಲೇ ಬೆಚ್ಚಗಿನ ಹೊದಿಕೆ, ಬಿಸಿ ಮಾಡಿದ ಡ್ರಿಪ್ ಕೊಟ್ಟರೆ ಇಬ್ಬರಿಗೂ ಒಳ್ಳೆಯದು. ತಣ್ಣಗೆ ನಡುಗುವ ಎದೆಯ ಮೇಲೆ ಮಗುವನ್ನು ಮಲಗಿಸುವುದು ಕಷ್ಟ.

ಕೋಣೆಯ ಮಾತಿಗೆ ಬರೋಣ. ಹೆರಿಗೆ ಕೋಣೆ ಕನಿಷ್ಠ 25 ಡಿಗ್ರಿ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒ.ಟಿ.ಯಲ್ಲಿ ಅಷ್ಟು ಇರುವುದು ಅಪರೂಪ. ಪ್ಲಾಸ್ಟಿಕ್ ಏಪ್ರನ್, ಮೇಲೆ ಗೌನು, ಎರಡು ಜೊತೆ ಗ್ಲೌಸ್, ತಲೆಯ ಮೇಲೆ ದೀಪ: ಇಷ್ಟರ ಅಡಿಯಲ್ಲಿ ನಿಂತ ಸರ್ಜನ್‌ಗೆ 25 ಡಿಗ್ರಿ ಎಂದರೆ ಸೆಖೆ. ಎ.ಸಿ. ರಿಮೋಟ್ ಅವರ ಸುಖದ ಪರ ಇರುತ್ತದೆ, ಮಗುವಿಗೆ ಓಟಿಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಿಸೇರಿಯನ್ ಕೋಣೆಯನ್ನು ಒಮ್ಮೆ 20 ಡಿಗ್ರಿಗೆ, ಒಮ್ಮೆ 23ಕ್ಕೆ ಇಟ್ಟು ಹೋಲಿಸಿದರು. 20 ಡಿಗ್ರಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು, ಅಂದರೆ ಶೇ. 50, ನರ್ಸರಿಗೆ ಬರುವ ಹೊತ್ತಿಗೆ 36.5ಕ್ಕಿಂತ ಕೆಳಗಿದ್ದರು. 23ರಲ್ಲಿ ಅದು ಶೇ. 35ಕ್ಕೆ ಇಳಿಯಿತು. ಮಧ್ಯಮ ಅಥವಾ ತೀವ್ರವಾಗಿ ತಣ್ಣಗಾದವರು ಶೇ. 19ರಿಂದ ಶೇ. 5ಕ್ಕೆ ಬಂದರು. ಬರೀ ಮೂರು ಡಿಗ್ರಿ, ಒಂದು ರಿಮೋಟಿನ ಗುಂಡಿ! ಕಾಯಿಲೆ, ತೊಡಕುಗಳಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆರೋಗ್ಯವಾಗಿ ಹುಟ್ಟಿದ ಮಗು ಸ್ವಲ್ಪ ತಣ್ಣಗಾಗಿ ಮತ್ತೆ ಬೆಚ್ಚಗಾದರೆ ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತದೆ. ನಿಮ್ಮ ನಾದಿನಿಯ ಮಗುವಿನ ಬಗ್ಗೆ ಈಗ ಚಿಂತೆ ಬೇಡ.

ಸಹಜ ಹೆರಿಗೆ ಎಂದ ಮಾತ್ರಕ್ಕೆ ಮಗು ಬೆಚ್ಚಗಿರುತ್ತದೆ ಎಂದೂ ಅಲ್ಲ. ನೇಪಾಳದ ಸರ್ಲಾಹಿ ಜಿಲ್ಲೆಯಲ್ಲಿ, ಬಹುಪಾಲು ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ, 23 ಸಾವಿರಕ್ಕೂ ಹೆಚ್ಚು ಎಳೆಗೂಸುಗಳ ಉಷ್ಣತೆ ಅಳೆದರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಒಮ್ಮೆಯಾದರೂ 36.5ಕ್ಕಿಂತ ಕೆಳಗಿದ್ದರು. ಮೊದಲ ಅಳತೆಯಲ್ಲಿ ಒಂದೊಂದು ಡಿಗ್ರಿ ಕಡಿಮೆಯಾದ ಹಾಗೆ ಸಾವಿನ ಸಂಭವ ಶೇ. 80ರಷ್ಟು ಏರುತ್ತಿತ್ತು. ಅಲ್ಲಿ ಚಾಕುವೂ ಇರಲಿಲ್ಲ, ಎ.ಸಿ.ಯೂ ಇರಲಿಲ್ಲ.

ಈಗ ಸಿಸೇರಿಯನ್ ಆದ ಮೊದಲ ಹತ್ತು ನಿಮಿಷ ಮಗುವಿಗೆ ಏನಾಗುತ್ತದೆ ನೋಡಿ. ಹೊಟ್ಟೆಯಿಂದ ಎತ್ತಿದ ಮಗು ತೊಯ್ದು ತೊಪ್ಪೆಯಾಗಿರುತ್ತದೆ. ಚೆನ್ನಾಗಿ ಅತ್ತಿತೆಂದರೆ ಒಂದು ನಿಮಿಷವಾದರೂ ಕಾದು ಬಳ್ಳಿ ಕತ್ತರಿಸುತ್ತಾರೆ. ಆ ನಿಮಿಷದಲ್ಲೇ ಒರೆಸಲು ಶುರುಮಾಡಬೇಕು. ಬೆಚ್ಚಗೆ ಮಾಡಿದ ಬಟ್ಟೆ ಎರಡು ಬೇಕು. ಒಂದರಿಂದ ತಲೆ, ಬೆನ್ನು, ಕಂಕುಳು, ತೊಡೆಸಂದು ಎಲ್ಲ ಒರೆಸಿ ಅದನ್ನು ಎಸೆಯಬೇಕು. ಎಷ್ಟೋ ಕಡೆ ಕೆಡುವುದು ಇಲ್ಲೇ: ಒರೆಸಿದ ಒದ್ದೆ ಬಟ್ಟೆಯಲ್ಲೇ ಮಗುವನ್ನು ಸುತ್ತಿ ಪೊಟ್ಟಣ ಮಾಡುತ್ತಾರೆ. ನೋಡಲು ಬೆಚ್ಚಗಿದೆ, ಒಳಗೆ ಮೈ ತಣ್ಣಗಾಗುತ್ತಿದೆ. ಎರಡನೆಯ ಒಣಬಟ್ಟೆ, ತಲೆಗೆ ಟೋಪಿ, ಆಮೇಲೆ ತೂಕದ ತಟ್ಟೆ. ತಣ್ಣನೆಯ ಸ್ಟೀಲ್ ತಟ್ಟೆಯ ಮೇಲೆ ಬರೀ ಮೈ ಇಟ್ಟರೆ ಬೆನ್ನಿನಿಂದ ಶಾಖ ಹೋಗುತ್ತದೆ. ತೂಕವನ್ನು ಒಂದು ಗಂಟೆ ಬಿಟ್ಟು ನೋಡಿದರೆ ಯಾರ ಗಂಟೂ ಹೋಗುವುದಿಲ್ಲ. ಕೊನೆಗೆ ಹೊರಗೆ ಕಾಯುತ್ತಿರುವ ನೆಂಟರಿಗೆ ತೋರಿಸುವ ಶಾಸ್ತ್ರ. ಕಾರಿಡಾರಿನ ಗಾಳಿಯಲ್ಲಿ ಬಟ್ಟೆ ಬಿಚ್ಚಿ ‘ಗಂಡೋ ಹೆಣ್ಣೋ ನೋಡಿಕೊಳ್ಳಿ’ ಎಂದು ತೋರಿಸಿ, ಫೋಟೋ ಹಿಡಿದು, ಮತ್ತೆ ಸುತ್ತುವ ಹೊತ್ತಿಗೆ ಅರ್ಧ ಡಿಗ್ರಿ ಹೋಗಿರುತ್ತದೆ.

ಇದಕ್ಕೆಲ್ಲ ಒಳ್ಳೆಯ ಮದ್ದು ತಾಯಿಯ ಎದೆ. ಸಹಜ ಹೆರಿಗೆಯ ಮಗುವಿಗೆ ಅದು ಕೂಡಲೇ ಸಿಗುತ್ತದೆ. ಸಿಸೇರಿಯನ್ ಮಗುವಿಗೆ ನಾವು ಕೊಡುವುದಿಲ್ಲ. ಮೊದಲ ಗಂಟೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇದರದ್ದೇ ಎಂದು ನನ್ನ ಅಭಿಪ್ರಾಯ. ‘ಒ.ಟಿ. ತಣ್ಣಗಿದೆ, ಅಲ್ಲಿ ಎದೆಯ ಮೇಲೆ ಮಲಗಿಸಿದರೆ ಮಗು ಇನ್ನೂ ತಣ್ಣಗಾಗುತ್ತದೆ’ ಎನ್ನುವವರಿದ್ದಾರೆ. ಇಟಲಿಯಲ್ಲಿ 2010ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ಸಿಸೇರಿಯನ್ ಆದ ತಾಯಂದಿರಲ್ಲೇ ಇದನ್ನು ಪರೀಕ್ಷಿಸಿತು: ಎದೆಗೆ ಎದೆ ತಾಗಿಸಿ ಮಲಗಿಸಿದ ಮಕ್ಕಳು ಮಾಮೂಲಿ ಆರೈಕೆಯ ಮಕ್ಕಳಿಗಿಂತ ಹೆಚ್ಚು ತಣ್ಣಗಾಗಲಿಲ್ಲ. ಒಣಗಿಸಿದ ಮಗು, ಡಯಪರ್ ಮತ್ತು ಟೋಪಿ ಮಾತ್ರ, ಬೆನ್ನ ಮೇಲೆ ಬೆಚ್ಚಗಿನ ಹೊದಿಕೆ, ಮೂಗು ಬಾಯಿ ಕಾಣುವಂತೆ ಮುಖ ಒಂದು ಕಡೆಗೆ, ಪಕ್ಕದಲ್ಲಿ ಕಣ್ಣಿಟ್ಟಿರುವ ಒಬ್ಬ ನರ್ಸ್. ಈ ನರ್ಸ್ ಇಲ್ಲದಿದ್ದರೆ ಬೇಡ. ಮಂಪರಿನಲ್ಲಿರುವ ತಾಯಿಯ ಎದೆಯ ಮೇಲೆ ಮಗುವನ್ನು ಒಂಟಿಯಾಗಿ ಬಿಡಬಾರದು.

ತಾಯಿಗೆ ಆಗದಿದ್ದರೆ ತಂದೆ ಇದ್ದಾನೆ. ಇದೇ ಕ್ರಿಸ್ಟೆನ್ಸನ್ 1996ರಲ್ಲಿ ತಂದೆಯ ಎದೆಯೂ ಮಗುವಿನ ಬಿಸಿಯನ್ನು ಚೆನ್ನಾಗಿ ಕಾಯುತ್ತದೆ ಎಂದು ತೋರಿಸಿದರು. ನಮ್ಮ ಗಂಡಸರು ಮೊದಲು ನಾಚುತ್ತಾರೆ, ಆಮೇಲೆ ಮಗುವನ್ನು ವಾಪಸ್ ಕೊಡಲು ಒಪ್ಪುವುದಿಲ್ಲ. ನಿಮ್ಮ ಯಜಮಾನರಿಗೆ ಮುಂದೆ ಗುಂಡಿ ಇರುವ ಶರ್ಟ್ ಹಾಕಿಕೊಂಡು ಬರಲು ಹೇಳಿ.

ಹಾಗಾದರೆ ವಾರ್ಮರ್ ತಪ್ಪೇ? ಅಲ್ಲ. ಉಸಿರಾಟದ ತೊಂದರೆ ಇದ್ದರೆ, ತಿಂಗಳು ತುಂಬದಿದ್ದರೆ, ಮೈ 36ಕ್ಕಿಂತ ಕೆಳಗಿದ್ದರೆ ವಾರ್ಮರ್ ಬೇಕು. ಸಿಸೇರಿಯನ್ ಮಕ್ಕಳಲ್ಲಿ ಶ್ವಾಸಕೋಶದ ನೀರು ನಿಧಾನವಾಗಿ ಆರಿ ಉಸಿರು ಜೋರಾಗಿ ಹೋಗುವುದು ಸ್ವಲ್ಪ ಹೆಚ್ಚು. ಅಂಥ ಮಗು ತಣ್ಣಗಾದರೆ ಬಿಸಿ ಮಾಡಿಕೊಳ್ಳಲೂ ಆಮ್ಲಜನಕ ಖರ್ಚಾಗುತ್ತದೆ, ರಕ್ತದ ಸಕ್ಕರೆಯೂ ಇಳಿಯುತ್ತದೆ. ಒಂದು ತೊಂದರೆ ಇನ್ನೊಂದನ್ನು ಎಳೆದು ತರುತ್ತದೆ. ಆದರೆ ಚೆನ್ನಾಗಿ ಉಸಿರಾಡುತ್ತಿರುವ, 36.3 ಇರುವ ಮಗುವನ್ನು ಸಂಜೆಯವರೆಗೆ ತಾಯಿಯಿಂದ ದೂರ ಇಡಲು ಕಾರಣ ಕಾಣದು.

ನಕ್ಷತ್ರದ ಪ್ರಶ್ನೆಗೆ ನನ್ನ ಉತ್ತರ ನೇರ: ಬೇಡ. ವೈದ್ಯಕೀಯ ಕಾರಣವಿಲ್ಲದೆ 39 ವಾರ ತುಂಬುವ ಮೊದಲು ಸಿಸೇರಿಯನ್ ಮಾಡಬಾರದು. ಕಂದು ಕೊಬ್ಬು ಕೊನೆಯ ವಾರಗಳಲ್ಲಿ ತುಂಬಿಕೊಳ್ಳುತ್ತಲೇ ಇರುತ್ತದೆ, ಶ್ವಾಸಕೋಶ ಪಕ್ವವಾಗುತ್ತಿರುತ್ತದೆ. 37ನೇ ವಾರ, ನೋವೂ ಇಲ್ಲ, ತಣ್ಣನೆಯ ಒ.ಟಿ.: ಮೂರೂ ಕೂಡಿದರೆ ಮಗುವಿನ ಕೈಯಿಂದ ಉರುವಲೂ ಕಡ್ಡಿಯೂ ಎರಡನ್ನೂ ಕಿತ್ತುಕೊಂಡ ಹಾಗೆ. ಕರ್ನಾಟಕದಲ್ಲಿ ಈಗ ಹತ್ತಿರಹತ್ತಿರ ಮೂರರಲ್ಲಿ ಒಂದು ಹೆರಿಗೆ ಸಿಸೇರಿಯನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 31.5. ಅದರಲ್ಲಿ ಪಂಚಾಂಗ ನೋಡಿ ಮಾಡಿಸಿಕೊಂಡವೂ ಇವೆ ಎಂಬುದು ನಮಗೆಲ್ಲ ಗೊತ್ತು. 39 ವಾರ ತುಂಬಿದ ಮೇಲೆ ಡಾಕ್ಟರು ಒಪ್ಪಿದ ದಿನಗಳಲ್ಲಿ ಒಳ್ಳೆಯ ಗಳಿಗೆ ಹುಡುಕಿಕೊಳ್ಳಿ, ನನ್ನ ತಕರಾರಿಲ್ಲ. ಅಷ್ಟರೊಳಗೆ ಮಗು ತಾನೇ ತಿರುಗಲೂಬಹುದು. ಹೊರಗಿನಿಂದ ಕೈಯಲ್ಲಿ ತಿರುಗಿಸುವ ಪ್ರಯತ್ನ ನಿಮಗೆ ಸೂಕ್ತವೇ ಎಂದೂ ಕೇಳಿ.

ಮೊದಲೇ ಮಾಡಿಕೊಳ್ಳಬಹುದಾದದ್ದು: ಮುಂದಿನ ಚೆಕಪ್‌ಗೆ ಹೋದಾಗ ಡಾಕ್ಟರನ್ನೂ ಅರಿವಳಿಕೆ ತಜ್ಞರನ್ನೂ ಮೂರು ಮಾತು ಕೇಳಿ. ಮಗು ತೆಗೆಯುವ ಹೊತ್ತಿಗೆ ಎ.ಸಿ. 23–25ಕ್ಕೆ ಏರಿಸಲಾದೀತೇ, ಮಗು ಚೆನ್ನಾಗಿದ್ದರೆ ಅಲ್ಲೇ ಎದೆಯ ಮೇಲೆ ಕೊಡುತ್ತೀರಾ, ಆಗದಿದ್ದರೆ ತಂದೆಗೆ ಕೊಡುತ್ತೀರಾ. ಆಪರೇಷನ್ ದಿನ ಕೇಳಿದರೆ ಗಡಿಬಿಡಿಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಚೀಲದಲ್ಲಿ ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಗಳು ನಾಲ್ಕಾರು, ಎರಡು ಟೋಪಿ, ಕಾಲುಚೀಲ, ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ.

ಸ್ನಾನ ಕನಿಷ್ಠ 24 ಗಂಟೆ ಬೇಡ. ಮೈಮೇಲಿನ ಬಿಳಿ ಜಿಡ್ಡು ಕೊಳೆಯಲ್ಲ, ಉಜ್ಜಿ ತೆಗೆಯಬೇಡಿ. ನಿಮ್ಮ ಕಡೆ ಡಿಸೆಂಬರ್ ಚಳಿಗೆ ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ಇದ್ದರೆ ಕಿಟಕಿ ಮುಚ್ಚಿದ ಕೋಣೆಗೆ ಅದು ಬರಲೇಬಾರದು. ಕೆಂಡದಿಂದ ಬರುವ ವಿಷಾನಿಲ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ. ಬಿಸಿನೀರಿನ ಬಾಟಲಿ ಮಗುವಿನ ಪಕ್ಕ ಇಡಬೇಡಿ, ಸುಟ್ಟ ಚರ್ಮ ನೋಡಿದ್ದೇವೆ. ಹಾಗೆಂದು ನಾಲ್ಕು ಪದರ ಸುತ್ತಿ ಬೇಯಿಸುವುದೂ ಬೇಡ. ನಿಮಗೆ ಹಾಯೆನಿಸುವುದಕ್ಕಿಂತ ಒಂದು ಪದರ ಹೆಚ್ಚು ಸಾಕು.

ಥರ್ಮಾಮೀಟರ್ ಕೈಗೆ ಸಿಗದಿದ್ದಾಗ ಅಂಗೈಯ ಹಿಂಬದಿಯಿಂದ ಮೊದಲು ಹೊಟ್ಟೆ, ಆಮೇಲೆ ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗೆ, ಪಾದ ತಣ್ಣಗೆ ಇದ್ದರೆ ಮಗು ಚಳಿಯೊಡನೆ ಗುದ್ದಾಡುತ್ತಿದೆ. ಎದೆಗೆ ಹಾಕಿಕೊಂಡು ಮೇಲೆ ಹೊದ್ದು ಹಾಲು ಕೊಡಿ. ಮೊದಲ ದಿನ ಅಂಗೈ ಅಂಗಾಲು ಸ್ವಲ್ಪ ನೀಲಿಯಾಗಿ ಕಂಡರೆ ಹೆದರಬೇಕಿಲ್ಲ, ತುಟಿ ನಾಲಗೆ ಕೆಂಪಗಿರಬೇಕು. ಹೊಟ್ಟೆಯೂ ಪಾದವೂ ತಣ್ಣಗಿದ್ದರೆ, ಅಥವಾ ಎದೆಗೆ ಹಾಕಿಕೊಂಡು ಒಂದು ಗಂಟೆಯಾದರೂ ಥರ್ಮಾಮೀಟರ್ 97.7 ದಾಟದಿದ್ದರೆ, ಮಗು ಹಾಲು ಬಿಟ್ಟು ಮಂಕಾಗಿದ್ದರೆ ಆಸ್ಪತ್ರೆಗೆ ಹೊರಡಿ. 99.5 ದಾಟಿದರೆ ಮೊದಲು ಹೊದಿಕೆ ತೆಗೆದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ, ಇಳಿಯದಿದ್ದರೆ ಆಗಲೂ ಹೊರಡಬೇಕು. ಎಳೆಗೂಸಿನಲ್ಲಿ ಸೋಂಕು ಜ್ವರವಾಗಿ ಬರುವ ಹಾಗೆಯೇ ಮೈ ತಣ್ಣಗಾಗಿಯೂ ಬರಬಹುದು. ತಣ್ಣಗಾದ ಮಗುವನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ, ಸೆರಗಿನೊಳಗೆ ಎದೆಗೆ ತಾಗಿಸಿ ಕಟ್ಟಿಕೊಂಡು ಹೋಗಿ.